ತರವಾಡು (ಕುಟುಂಬದ ಮೂಲ) ಮನೆಯ ಹೂಗಿಡಗಳನ್ನು ಹೊಸ ಜಾಲಿಗೆ (ಅಂಗಳಕ್ಕೆ) ದಾಟಿಸುವುದು ಹೇಗೆ? (ಮಲ್ಲಿಗೆ, ಅಬ್ಬಲಿಗೆ ಅಂದರೆ ಕನಕಾಂಬರ, ಕೇಪುಳ ಅಂದರೆ ಕಾಡಿನ ಕೆಂಪು ಇಕ್ಸೋರಾ, ಸಂಪಿಗೆ, ರೆಂಜೆ ಅಂದರೆ ಬಕುಳ, ಶುಂಠಿ ಜಾತಿಯ ಸುಗಂಧಿ)

ನೀರ್ಚಾಲಿನ ಜಾಲು:

ಕಾಸರಗೋಡು, ಮಂಜೇಶ್ವರ ಎರಡೂ ತಾಲೂಕುಗಳಲ್ಲಿ ಈಗ ಹಳೆ ಮನೆ ಬಿಚ್ಚುವ ಕಾಲ. ಆಸ್ತಿ ಪಾಲಾದ ಮೇಲೆ ಬಿಚ್ಚಿದ ಮನೆಗಳು ಕೆಲವು, ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಅಗಲವಾದಾಗ ಅಂಗಳ ಕಳೆದುಕೊಂಡವು ಕೆಲವು. ಹಂಚು, ಪಕ್ಕಾಸು (ಮಾಡಿನ ಮರ), ಬಾಗಿಲಿನ ದಾರಂದ (ಚೌಕಟ್ಟು) ಎಲ್ಲವನ್ನೂ ಜೋಪಾನವಾಗಿ ಇಳಿಸುತ್ತಾರೆ. ಹೂಗಿಡ ಮಾತ್ರ ಜೇಸಿಬಿಯ ಬಾಯಿಗೆ. ಆಮೇಲೆ ನರ್ಸರಿಯಿಂದ ಅದೇ ಹೆಸರಿನ ಗಿಡ ತಂದು ನೆಟ್ಟರೂ ಹೂ ಅದೇ ಆಗುವುದಿಲ್ಲ. ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್) ಹೊಸ್ತಿಲಿಗೆ ಇಡುತ್ತಿದ್ದ ಐದೆಸಳಿನ ಕೆಂಪು ದಾಸವಾಳ ಬೇಕೆಂದವರ ಕೈಗೆ ಅಂಗೈಯಗಲದ ಹೈಬ್ರಿಡ್ ಬರುತ್ತದೆ. ಅಜ್ಜಿಯ ಮುಡಿಯಲ್ಲಿದ್ದ ಮಲ್ಲಿಗೆ ಬೇಕೆಂದರೆ ದಪ್ಪ ಎಸಳಿನ, ಪರಿಮಳ ಕಡಿಮೆಯ ಮೊಗ್ಗು.

ಹಾಗಾಗಿ ಈ ಚರ್ಚೆಯ ಎಳೆ. ಯಾವ ಗಿಡ ಗೆಲ್ಲಿನಿಂದ (ಕೊಂಬೆಯ ತುಂಡಿನಿಂದ) ಬರುತ್ತದೆ, ಯಾವುದು ಗಡ್ಡೆಯಿಂದ, ಯಾವುದಕ್ಕೆ ಬೀಜವೇ ಗತಿ, ಯಾವ ತಿಂಗಳು ಒಳ್ಳೆಯದು, ಗೊಬ್ಬರ ಎಷ್ಟು, ಎಲ್ಲಿ ಸಾಯುತ್ತದೆ ಮತ್ತು ಯಾಕೆ. ಮನೆಮನೆಯ ಕಥೆಗಳಿಗೆ ಬೇರೆ ಎಳೆ ತೆರೆಯೋಣ, ಇಲ್ಲಿ ಕೆಲಸದ ಮಾತು ಬರಲಿ.

ಮುಳ್ಳೇರಿಯ ಸಸಿಮಡಿ:

ಒಂದು ವಿಂಗಡಣೆ ಮೊದಲೇ ಸ್ಪಷ್ಟವಾಗಲಿ. ಅದೇ ಹೂ ಬೇಕಾದರೆ ಗೆಲ್ಲು, ಗಡ್ಡೆ, ಗೂಟಿ (ತಾಯಿ ಗಿಡದಲ್ಲಿರುವಾಗಲೇ ಗೆಲ್ಲಿಗೆ ಬೇರು ಬರಿಸುವುದು), ಕಸಿ ಇವು ನಾಲ್ಕೇ ದಾರಿ. ಬೀಜ ಹಾಕಿದರೆ ಬರುವುದು ಅದರ ಸಂತಾನ. ಬಣ್ಣ, ಎಸಳು, ಪರಿಮಳ ಹೆಚ್ಚುಕಡಿಮೆ ಆಗಬಹುದು. ತುಂಬೆ, ಶಂಖಪುಷ್ಪ, ಗೌರಿಹೂವಿನಂಥವಕ್ಕೆ ಇದು ದೊಡ್ಡ ವಿಷಯವಲ್ಲ, ಸಂಪಿಗೆಗೆ ದೊಡ್ಡ ವಿಷಯ.

ಮನೆ ಬಿಚ್ಚುವುದಕ್ಕೆ ಒಂದು ವರ್ಷ ಮೊದಲೇ ಗುರುತು ಹಾಕಲು ಶುರುಮಾಡಬೇಕು, ಅದೂ ಹೂ ಇರುವಾಗಲೇ. ಹೂವಿಲ್ಲದ ಕಾಲದಲ್ಲಿ ಕೆಂಪು ದಾಸವಾಳಕ್ಕೂ ಗುಲಾಬಿ ಬಣ್ಣದ್ದಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಕಾಗದ, ಮಾರ್ಕರ್ ಪೆನ್ನು ನಮ್ಮ ಮಳೆಗೆ ಒಂದು ತಿಂಗಳು ಬಾಳುವುದಿಲ್ಲ. ತಂಪು ಪಾನೀಯದ ಅಲ್ಯುಮಿನಿಯಂ ಡಬ್ಬಿಯನ್ನು 2 ಸೆಂ.ಮೀ. ಅಗಲದ ಪಟ್ಟಿಯಾಗಿ ಕತ್ತರಿಸಿ, ಮೊಳೆಯಿಂದ ಒತ್ತಿ ಬರೆದು, ತಂತಿಯಲ್ಲಿ ಸಡಿಲವಾಗಿ ಕಟ್ಟಿ. ಹೂವಿನ ಹೆಸರಷ್ಟೇ ಸಾಲದು. ಯಾರ ಮನೆಯಿಂದ ಬಂದದ್ದು, ಜಾಲಿನ ಯಾವ ಮೂಲೆಯಲ್ಲಿತ್ತು, ಯಾರು ನೆಟ್ಟದ್ದು ಎಂಬುದು ಹಿರಿಯರಿಗೆ ನೆನಪಿದ್ದರೆ ಅದನ್ನೂ ಆಗಲೇ ಗೀರಿ. ತವರಿನಿಂದ ಗೆಲ್ಲು ತಂದು ನೆಡುವ ರೂಢಿ ನಮ್ಮಲ್ಲಿ ಇದ್ದುದರಿಂದ ಒಂದೇ ಜಾಲಿನಲ್ಲಿ ನಾಲ್ಕೈದು ಮನೆತನಗಳ ಗಿಡ ಇರುತ್ತವೆ. ಆ ಮಾಹಿತಿ ಹೋದರೆ ಮತ್ತೆ ಸಿಗುವುದಿಲ್ಲ.

ಗೆಲ್ಲು ನೆಡಲು ಕಾಲ: ಆರ್ದ್ರಾ ಮಳೆ, ಅಂದರೆ ಜೂನ್ 22ರಿಂದ ಜುಲೈ 5ರ ಆಸುಪಾಸು. ಮಲಯಾಳದಲ್ಲಿ ತಿರುವಾದಿರ ಞಾಟ್ಟುವೇಲ ಎಂದು ಕಾಳುಮೆಣಸಿನ ಬಳ್ಳಿ ನೆಡುವ ಹೊತ್ತೂ ಇದೇ. ಮಣ್ಣು ನೆನೆದಿರುತ್ತದೆ, ಗಾಳಿಯಲ್ಲಿ ತೇವ ಇರುತ್ತದೆ, ನಡುನಡುವೆ ಬಿಸಿಲೂ ಬರುತ್ತದೆ. ಆಟಿ ತಿಂಗಳು (ಜುಲೈ-ಆಗಸ್ಟ್) ಹಿಡಿದ ಮೇಲೆ ನೆಟ್ಟರೆ ಬುಡ ಕೊಳೆಯುವುದೇ ಹೆಚ್ಚು.

ಪೆರ್ಲದ ಮಲ್ಲಿಗೆ ಬೇಲಿ:

ಮಲ್ಲಿಗೆಯ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಇದರಲ್ಲೇ ಎಲ್ಲರೂ ಎಡವುವುದು.

ಉಡುಪಿ, ಶಂಕರಪುರ, ಮಂಗಳೂರು ಎಂದು ನಾವು ಕರೆಯುವ ಈ ಮಲ್ಲಿಗೆಯಲ್ಲಿ ಕಾಯಿ ಕಟ್ಟುವುದೇ ಅಪರೂಪ. ಹಾಗಾಗಿ ಊರಲ್ಲಿರುವ ಪ್ರತಿ ಹಳೆ ಬುಡವೂ ಇನ್ಯಾವುದೋ ಬುಡದ ಗೆಲ್ಲು. ಹೊಸ ಜಾಲಿಗೂ ಅದೇ ದಾರಿ. ಹಸಿರು ಎಳೆ ತುದಿ ಬೇಡ, ಬೂದು ಬಣ್ಣಕ್ಕೆ ತಿರುಗಿದ ಮುದಿ ಗೆಲ್ಲೂ ಬೇಡ; ಬಗ್ಗಿಸಿದರೆ ಬಾಗಿ, ಇನ್ನೂ ಬಗ್ಗಿಸಿದರೆ ಮುರಿಯುವ ನಡುವಿನ ಭಾಗ ಬೇಕು. 15ರಿಂದ 20 ಸೆಂ.ಮೀ. ಉದ್ದ, 3–4 ಗಂಟು. ಕೆಳಗಿನ ಗಂಟಿನ ಅರ್ಧ ಸೆಂ.ಮೀ. ಕೆಳಗೆ ಓರೆಯಾಗಿ ಕತ್ತರಿಸಿ, ಮೇಲೆ ಎರಡೇ ಎಲೆ ಉಳಿಸಿ, ಆ ಎಲೆಯನ್ನೂ ಅರ್ಧಕ್ಕೆ ಕತ್ತರಿಸಿ. ಎರಡು ಗಂಟು ಮಣ್ಣೊಳಗೆ ಹೋಗಬೇಕು. ತೊಟ್ಟೆಗೆ (ಪ್ಲಾಸ್ಟಿಕ್ ಚೀಲಕ್ಕೆ) ಒಂದು ಪಾಲು ಹೊಯಿಗೆ (ಮರಳು), ಒಂದು ಪಾಲು ತೊಳೆದ ತೆಂಗಿನ ನಾರಿನ ಹುಡಿ, ಒಂದು ಪಾಲು ಕೆಮ್ಮಣ್ಣು. ಹಸಿ ನಾರಿನ ಹುಡಿ ಹಾಗೆಯೇ ಹಾಕಿದರೆ ಅದರ ಒಗರು ಬೇರು ಬಿಡುವುದನ್ನು ತಡೆಯುತ್ತದೆ. ಮೂರ್ನಾಲ್ಕು ಸಲ ನೀರು ಬದಲಿಸಿ ನೆನೆಸಿ, ಕಂದು ನೀರು ಬರುವುದು ನಿಂತ ಮೇಲೆ ಬಳಸಿ. ಹಟ್ಟಿಗೊಬ್ಬರ ಈ ಹಂತದಲ್ಲಿ ಬೇಡವೇ ಬೇಡ.

ಇನ್ನೂ ಖಚಿತ ದಾರಿ ನೆಲಗೂಟಿ. ಬುಡದ ಹತ್ತಿರದ ಉದ್ದ ಗೆಲ್ಲನ್ನು ಬಗ್ಗಿಸಿ, ಮಣ್ಣು ತಾಗುವಲ್ಲಿ ಗಂಟಿನ ಕೆಳಗೆ 3 ಸೆಂ.ಮೀ. ಸೀಳಿ, ಸೀಳು ಮುಚ್ಚದಂತೆ ಸಣ್ಣ ಕಡ್ಡಿ ಸಿಕ್ಕಿಸಿ, ಮೇಲೆ ಮಣ್ಣು ಹೇರಿ ಒಂದು ಮುರಕಲ್ಲಿನ (ಜಂಬಿಟ್ಟಿಗೆಯ) ತುಂಡು ಇಡಿ. ಎರಡರಿಂದ ಮೂರು ತಿಂಗಳಲ್ಲಿ ಬೇರು. ತಾಯಿ ಗಿಡದಿಂದ ಕತ್ತರಿಸಿದ ಕೂಡಲೇ ಕೀಳಬಾರದು. ಕತ್ತರಿಸಿ ಎರಡು ವಾರ ಅಲ್ಲೇ ಬಿಟ್ಟು ಆಮೇಲೆ ಎಬ್ಬಿಸಿ.

ನೆಡುವ ಗುಂಡಿ 45 ಸೆಂ.ಮೀ. ಉದ್ದ, ಅಗಲ, ಆಳ. ಗಿಡದಿಂದ ಗಿಡಕ್ಕೆ ಒಂದೂಕಾಲು ಮೀಟರ್. ನಮ್ಮ ಮುರಮಣ್ಣು ಹುಳಿ, ಮಲ್ಲಿಗೆಗೆ ಅಷ್ಟು ಹುಳಿ ಆಗದು. ನೆಡುವುದಕ್ಕೆ ಎರಡು ವಾರ ಮೊದಲು ಗುಂಡಿಗೆ 200 ಗ್ರಾಂ ಡೊಲೊಮೈಟ್ ಅಥವಾ ಸುಣ್ಣ ಬೆರೆಸಿ ಬಿಡಿ. ನೆಡುವಾಗ 10 ಕಿಲೋ ಹುಡಿಯಾದ ಹಟ್ಟಿಗೊಬ್ಬರ, ಎರಡು ಬುಟ್ಟಿ ಸುಡುಮಣ್ಣು (ತರಗೆಲೆ ಹಾಕಿ ಸುಟ್ಟ ಮಣ್ಣು), ಕಾಲು ಕಿಲೋ ಬೇವಿನ ಹಿಂಡಿ. ಸುಣ್ಣವನ್ನೂ ಗೊಬ್ಬರವನ್ನೂ ಒಂದೇ ದಿನ ಹಾಕಿದರೆ ಸಾರಜನಕ ಗಾಳಿಗೆ ಹೋಗುತ್ತದೆ, ಅದಕ್ಕೇ ಎರಡು ವಾರದ ಅಂತರ.

ಬೆಳೆದ ಬುಡಕ್ಕೆ ವರ್ಷಕ್ಕೆ ಸಾರಜನಕ 60, ರಂಜಕ 120, ಪೊಟ್ಯಾಶ್ 120 ಗ್ರಾಂ ಲೆಕ್ಕ. ಅಂಗಡಿಯ ಚೀಲದ ಲೆಕ್ಕದಲ್ಲಿ ಯೂರಿಯಾ 130 ಗ್ರಾಂ, ಶಿಲಾರಂಜಕ 600 ಗ್ರಾಂ, ಮ್ಯೂರಿಯೇಟ್ ಆಫ್ ಪೊಟ್ಯಾಶ್ 200 ಗ್ರಾಂ. ಇದನ್ನು ಎರಡು ಪಾಲು ಮಾಡಿ, ಗೆಲ್ಲು ಸವರಿದ (ಕತ್ತರಿಸಿದ) ಮೇಲೆ ಒಂದು, ಮಳೆಗಾಲದಲ್ಲಿ ಬಿಡುವು ಸಿಕ್ಕಾಗ ಒಂದು. ಹುಳಿ ಮಣ್ಣಿನಲ್ಲಿ ಶಿಲಾರಂಜಕ ಚೆನ್ನಾಗಿ ಕರಗುತ್ತದೆ, ಸೂಪರ್ ಫಾಸ್ಫೇಟಿಗೆ ಹೆಚ್ಚು ದುಡ್ಡು ಸುರಿಯುವ ಅಗತ್ಯವಿಲ್ಲ. ರಾಸಾಯನಿಕ ಬೇಡ ಎನ್ನುವವರು ನೆಲಕಡಲೆ ಹಿಂಡಿ ನೆನೆಸಿ ಹುದುಗಿಸಿದ ನೀರನ್ನು ತಿಳಿ ಮಾಡಿ ಹಾಕಬಹುದು, ಜೊತೆಗೆ ಒಲೆಬೂದಿ.

ನವೆಂಬರ್ ಕೊನೆಯ ವಾರ ನೆಲದಿಂದ 45–50 ಸೆಂ.ಮೀ. ಬಿಟ್ಟು ಎಲ್ಲ ಗೆಲ್ಲು ಸವರಿ. ಕರುಣೆ ತೋರಿಸಬೇಡಿ. ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ, ಹಳೆ ಗೆಲ್ಲು ಉಳಿಸಿದಷ್ಟೂ ಎಲೆ ಜಾಸ್ತಿ, ಮೊಗ್ಗು ಕಡಿಮೆ.

ಬದಿಯಡ್ಕ ಹೊಸಮನೆ:

ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ಅರಳದೆ ಉದುರುವುದು ಯಾಕೆ? ಗೊಬ್ಬರದ ಕೊರತೆಯೆಂದು ಕೇಳಿದ್ದೇನೆ.

ಪೆರ್ಲದ ಮಲ್ಲಿಗೆ ಬೇಲಿ:

ಕೊರತೆ ಅಲ್ಲ, ಮೊಗ್ಗುನೊಣ. ಸೊಳ್ಳೆಗಿಂತ ಚಿಕ್ಕ ನೊಣ ಮೊಗ್ಗಿನಲ್ಲಿ ಮೊಟ್ಟೆ ಇಡುತ್ತದೆ, ಮೊಗ್ಗಿನ ಬುಡ ಊದಿ ನೇರಳೆಯಾಗುತ್ತದೆ. ಹುಳ ಉದುರಿ ಮಣ್ಣಿನಲ್ಲಿ ಕೋಶ ಕಟ್ಟುತ್ತದೆ. ಆದ್ದರಿಂದ ಗಿಡಕ್ಕೆ ಮಾತ್ರ ಸಿಂಪಡಿಸಿ ಪ್ರಯೋಜನ ಇಲ್ಲ. ಬುಡದ ಮಣ್ಣನ್ನು ಬಿಸಿಲಿಗೆ ಬಿಡಿಸಿ, ಬುಡಕ್ಕೆ 100 ಗ್ರಾಂ ಬೇವಿನ ಹಿಂಡಿ ಬೆರೆಸಿ, ಉದುರಿದ ಮೊಗ್ಗನ್ನು ಹೆಕ್ಕಿ ಸುಡಿ. ಮೊಗ್ಗಿನಲ್ಲಿ ತೂತು, ನೂಲಿನಂಥ ಬಲೆ ಕಂಡರೆ ಅದು ಮೊಗ್ಗುಹುಳ, ಬೇರೆ ಕೀಟ. ಎರಡಕ್ಕೂ ಬೇವಿನೆಣ್ಣೆ-ಬೆಳ್ಳುಳ್ಳಿ ಮಿಶ್ರಣ ಸಾಯಂಕಾಲ ಸಿಂಪಡಿಸಬಹುದು: ಲೀಟರ್ ನೀರಿಗೆ ಬೇವಿನೆಣ್ಣೆ 20 ಮಿ.ಲೀ., ಅರೆದ ಬೆಳ್ಳುಳ್ಳಿ 20 ಗ್ರಾಂ, ಬಾರ್ ಸೋಪು 5–6 ಗ್ರಾಂ. ಮೊದಲು ಸೋಪನ್ನು ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ ಎಣ್ಣೆ ಸೇರಿಸಿ ಹಾಲಿನ ಬಣ್ಣ ಬರುವವರೆಗೆ ಕಲಸಬೇಕು. ಎಣ್ಣೆ ಮೇಲೆ ತೇಲಿದರೆ ಎಲೆ ಸುಡುತ್ತದೆ.

ತಾಳವಾಡಿ ಹೊಲ:

ಸತ್ಯಮಂಗಲದ ಕಡೆಯೂ ಗುಂಡು ಮಲ್ಲಿಗೆಯನ್ನು ನವೆಂಬರಿನಲ್ಲೇ ಸವರುವುದು. ಆದರೆ ಎಲ್ಲ ಮಲ್ಲಿಗೆಗೂ ಒಂದೇ ತಿಂಗಳಲ್ಲ. ಜಾಜಿ ಡಿಸೆಂಬರ್ ಕೊನೆ, ಸೂಜಿ ಮಲ್ಲಿಗೆ ಜನವರಿ ಕೊನೆ. ಹಳೆ ಮನೆಯಲ್ಲಿ ಮೂರೂ ಒಂದೇ ಚಪ್ಪರಕ್ಕೆ ಹಬ್ಬಿರುತ್ತವೆ. ಎಲ್ಲವನ್ನೂ ಒಟ್ಟಿಗೆ ಸವರಿದರೆ ಒಂದು ಚೆನ್ನಾಗಿ ಬಂದು ಉಳಿದೆರಡು ಆ ವರ್ಷ ಸೊರಗುತ್ತವೆ. ಚಪ್ಪರ ಬಿಚ್ಚುವ ಮೊದಲು ಬುಡದಲ್ಲಿ ಬೇರೆ ಬೇರೆ ಬಣ್ಣದ ದಾರ ಕಟ್ಟಿ.

ಮುಳ್ಳೇರಿಯ ಸಸಿಮಡಿ:

ತಾಳವಾಡಿಯವರು ಹೇಳಿದ್ದು ಸರಿ. ಆದರೆ ನಮ್ಮಲ್ಲಿ ತುಲಾ ಮಳೆ (ಹಿಂಗಾರು) ನವೆಂಬರಿನ ತನಕ ಎಳೆಯುವ ವರ್ಷಗಳಿವೆ. ಮಳೆ ನಿಂತು ಗಾಯ ಒಣಗುವಂತಾದ ಮೇಲೆಯೇ ಕತ್ತರಿ ಹಿಡಿಯಿರಿ, ದಪ್ಪ ಗೆಲ್ಲಿನ ಕಡಿತಕ್ಕೆ ಬೋರ್ಡೋ ಮುಲಾಮು (ಮೈಲುತುತ್ತು-ಸುಣ್ಣದ ಮದ್ದು) ಹಚ್ಚಿ.

ಅಡೂರು ಅಡಿಕೆ:

ಬೋರ್ಡೋ ಮಾತು ಬಂದದ್ದರಿಂದ: ಅಡಿಕೆಗೆ ಮದ್ದು ಬಿಡುವ ಮನೆಗಳಲ್ಲಿ ಉಳಿದ ದ್ರಾವಣವನ್ನೇ ಹೂಗಿಡಕ್ಕೂ ಬಿಡುತ್ತಾರೆ, ಪರವಾಗಿಲ್ಲ, ಆದರೆ ಅಂದೇ ಮಾಡಿದ್ದಾಗಿರಬೇಕು. ಕಡಿಮೆ ಬೇಕಾದರೆ 10 ಲೀಟರಿಗೆ ಮೈಲುತುತ್ತು 100 ಗ್ರಾಂ, ಸುಟ್ಟ ಸುಣ್ಣ 100 ಗ್ರಾಂ. ಐದು ಲೀಟರಿನಲ್ಲಿ ತುತ್ತು, ಐದರಲ್ಲಿ ಸುಣ್ಣ ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯುತ್ತಾ ಕಲಕಿ. ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆ ಮಾತ್ರ. ಚೊಕ್ಕ ಕತ್ತಿಯ ಅಲಗನ್ನು ಅದ್ದಿ ತೆಗೆದಾಗ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಹಾಕಿ. ಟ್ರೈಕೋಡರ್ಮ ಹಾಕಿದ ಬುಡಕ್ಕೆ ಇದನ್ನು ಹೊಯ್ಯಬಾರದು. ತಾಮ್ರ ಆ ಒಳ್ಳೆಯ ಶಿಲೀಂಧ್ರವನ್ನೂ ಕೊಲ್ಲುತ್ತದೆ.

ಜತ್ತದ ಎರಿ ಭೂಮಿ:

ನಮ್ಮ ಕಡಿ ಎಲ್ಲಾ ಉಲ್ಟಾ ಐತ್ರಿ. ನಿಮ್ಮದು ಹುಳಿ ಮಣ್ಣು, ನಮ್ಮದು ಸುಣ್ಣ ತುಂಬಿದ ಎರಿ (ಕಪ್ಪು ಮಣ್ಣು). ಮಲ್ಲಿಗಿ ಎಲಿ ಹಳದಿ ಆಗಿ ನರ ಮಾತ್ರ ಹಸಿರು ಉಳೀತಾವು, ಕಬ್ಬಿಣ ಮಣ್ಣಾಗ ಇದ್ರೂ ಬೇರಿಗೆ ಸಿಗೂದಿಲ್ಲ. ಲೀಟರ್ ನೀರಿಗೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) 5 ಗ್ರಾಂ, ಸಿಟ್ರಿಕ್ ಆ್ಯಸಿಡ್ 1 ಗ್ರಾಂ ಕಲಸಿ ಹದಿನೈದು ದಿವಸಕ್ಕೊಮ್ಮೆ ಮೂರು ಸಲ ಎಲಿ ಮ್ಯಾಲೆ ಹೊಡೀರಿ. ಕಲಸಿದ ದಿವಸಾನ ಬಳಸಬೇಕು, ಇಟ್ರ ತುಕ್ಕಿನ ಬಣ್ಣ ಬಂದು ಕೆಲಸಕ್ಕ ಬರೂದಿಲ್ಲ. ಅಬ್ಬೋಲಿ (ನಿಮ್ಮ ಅಬ್ಬಲಿಗೆ) ನಮ್ಮ ಬಿಸಲಿಗೆ ಭಾಳ ಚಲೋ, ಆದ್ರ ನೀರು ನಿಂತ್ರ ಹೋತು. ಕಾಸರಗೋಡಿನ ಮಳಿಯಾಗ ಅದನ್ನ ಹೆಂಗ ಉಳಿಸ್ತೀರಿ, ಯಾರಾದ್ರೂ ಬರೀರಿ.

ಬಾಯಾರು ಬಾವಿಕಟ್ಟೆ:

ಅಬ್ಬಲಿಗೆಗೆ ಏರುಮಡಿ ಇಲ್ಲದೆ ಇಲ್ಲಿ ಬದುಕಿಲ್ಲ. 20–25 ಸೆಂ.ಮೀ. ಎತ್ತರ ಮಾಡಿ, ತೆಂಗಿನ ಅರೆನೆರಳು ಬೀಳುವ ಜಾಗ ಆರಿಸಿ. ಗಿಡಗಳ ನಡುವೆ ಒಂದು ಮೊಳವಾದರೂ ಇರಲಿ.

ಹಳೆ ಮನೆಗಳಲ್ಲಿ ಇರುವುದು ಸಾಮಾನ್ಯವಾಗಿ ಬೀಜ ಬಿಡುವ ಕಿತ್ತಳೆ ಬಣ್ಣದ ತಳಿ. ಡೆಲ್ಲಿ ಅಬ್ಬಲಿಗೆ ಎಂದು ಬರುವ ದೊಡ್ಡ ಎಸಳಿನದು ತ್ರಿಗುಣಿತ (ಮೂರು ಸೆಟ್ ವರ್ಣತಂತು ಇರುವಂಥದ್ದು), ಅದರಲ್ಲಿ ಬೀಜವೇ ಆಗದು, ಗೆಲ್ಲಿನಿಂದ ಮಾತ್ರ. ತುದಿಯ 10 ಸೆಂ.ಮೀ. ಗೆಲ್ಲು, ಎರಡು ಮೂರು ಜೊತೆ ಎಲೆ ಇರುವುದು, ನೆರಳಿನಲ್ಲಿ ಮೂರು ನಾಲ್ಕು ವಾರಕ್ಕೆ ಬೇರು ಬಿಡುತ್ತದೆ.

ಬೀಜದ ತಳಿಯಾದರೆ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಕಂದು ಬಣ್ಣಕ್ಕೆ ತಿರುಗಿದ ತೆನೆಗಳನ್ನು ನಡುಹಗಲಿನ ಒಣ ಹೊತ್ತಿನಲ್ಲಿ ಕೊಯ್ಯಬೇಕು. ಇಬ್ಬನಿ ತಾಗಿದರೂ ಸಾಕು, ಕಾಯಿ ಸಿಡಿದು ಬೀಜ ಅಂಗಳ ತುಂಬುತ್ತದೆ. ಒಣ ತೆನೆಗಳನ್ನು ಆಳದ ಪಾತ್ರೆಯಲ್ಲಿಟ್ಟು ನಾಲ್ಕು ಹನಿ ನೀರು ಚಿಮುಕಿಸಿ ಕೂಡಲೇ ಬಟ್ಟೆ ಮುಚ್ಚಿ. ಪಟಪಟ ಸಿಡಿದು ಬೀಜ ಪಾತ್ರೆಯೊಳಗೇ ಉಳಿಯುತ್ತದೆ. ಮಕ್ಕಳಿರುವ ಮನೆಯಲ್ಲಿ ಈ ಕೆಲಸ ಅವರಿಗೇ ಬಿಡಿ, ಅಜ್ಜಿಯಂದಿರು ಹಾಗೆಯೇ ಕಲಿಸಿಕೊಂಡು ಬಂದದ್ದು. ಬೀಜವನ್ನು ನೆರಳಿನಲ್ಲಿ ಒಣಗಿಸಿ ಮೇ ತಿಂಗಳಲ್ಲಿ ಮಡಿಗೆ ಹಾಕಿದರೆ ಎರಡು ವಾರದಲ್ಲಿ ಮೊಳಕೆ, ಎರಡು ತಿಂಗಳಲ್ಲಿ ಐದಾರು ಜೊತೆ ಎಲೆ ಬಂದಾಗ ಕಿತ್ತು ನೆಡಿ.

ಸಾಯುವುದು ಎರಡು ಕಾರಣಕ್ಕೆ. ಒಂದು ಬೇರಿನ ಜಂತುಹುಳ (ನೆಮಟೋಡ್): ಗಿಡ ಕುಗ್ಗಿ, ಎಲೆ ನೇರಳೆಯಾಗಿ ಚಿಕ್ಕದಾಗುತ್ತದೆ, ಕಿತ್ತು ನೋಡಿದರೆ ಬೇರು ಗಂಟುಗಂಟು ಅಥವಾ ಕಪ್ಪು. ಇನ್ನೊಂದು ಸೊರಗು ರೋಗ, ಇದು ಜಂತುಹುಳ ಕಚ್ಚಿದ ಗಾಯದಿಂದಲೇ ಒಳಗೆ ಹೋಗುತ್ತದೆ. ಬುಡಕ್ಕೆ 100 ಗ್ರಾಂ ಬೇವಿನ ಹಿಂಡಿ ಹಾಕಿ, ಸಾಲಿನ ನಡುವೆ ಗೊಂಡೆ ಹೂ ಬೆಳೆಸಿ. ಗೊಂಡೆಯ ಬೇರು ಜಂತುಹುಳವನ್ನು ಇಳಿಸುತ್ತದೆ. ಒಂದೇ ಮಡಿಯಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಇಡಬೇಡಿ. ಹಳೆ ಮನೆಯ ಗಿಡವನ್ನೇ ಮಣ್ಣು ಸಮೇತ ಎಬ್ಬಿಸಿ ತಂದರೆ ಜಂತುಹುಳವೂ ಜೊತೆಗೇ ಬರುತ್ತದೆ, ಹಾಗಾಗಿ ಅಬ್ಬಲಿಗೆಯ ಮಟ್ಟಿಗೆ ಬೀಜ, ತುದಿಗೆಲ್ಲು ಎರಡೇ ತನ್ನಿ.

ವರ್ಕಾಡಿ ಗುಡ್ಡೆ:

ಕೇಪುಳ ಯಾರೂ ಬರೆದಿಲ್ಲ. ದೈವದ ಕೆಲಸಕ್ಕೆ, ದುರ್ಗಾಪೂಜೆಗೆ ಬೇಕಾದ ಹೂ. ಗುಡ್ಡದ ಮುರಕಲ್ಲಿನ ಬಿರುಕಿನಲ್ಲಿ ತಾನಾಗಿ ಬೆಳೆಯುವ ಗಿಡ, ಹೊಸಮನೆಯ ಜಾಲಿಗೆ ತಂದರೆ ಹಳದಿಯಾಗಿ ಸಾಯುತ್ತದೆ ಎಂಬ ದೂರು ಎಲ್ಲ ಕಡೆ.

ಕಾರಣ ಸಿಮೆಂಟ್. ಮನೆ ಕಟ್ಟಿದ ಮೇಲೆ ಗೋಡೆಯ ಬುಡದಲ್ಲಿ ಉಳಿದ ಗಾರೆ, ಸಿಮೆಂಟಿನ ಚೂರು, ಹಳೆ ಗೋಡೆಯ ಸುಣ್ಣ ಎಲ್ಲ ಸೇರಿ ಆ ಜಾಗದ ಮಣ್ಣು ಕ್ಷಾರವಾಗಿರುತ್ತದೆ. ಕೇಪುಳಕ್ಕೆ ಹುಳಿ ಮಣ್ಣೇ ಬೇಕು. ಜತ್ತದವರು ಹೇಳಿದ ಅದೇ ಹಳದಿ ಎಲೆ, ಹಸಿರು ನರ. ಗೋಡೆಯಿಂದ ಒಂದೂವರೆ ಮೀಟರ್ ದೂರ ಹೋಗಿ, 45 ಸೆಂ.ಮೀ. ಆಳದವರೆಗೆ ಆ ಮಣ್ಣು ತೆಗೆದು ಹೊರಗೆ ಹಾಕಿ, ಗುಡ್ಡದ ಕೆಮ್ಮಣ್ಣನ್ನೂ ಕೊಳೆತ ತರಗೆಲೆಯನ್ನೂ ಸಮಪಾಲು ತುಂಬಿ ನೆಡಿ. ಮಲ್ಲಿಗೆಗೆ ಹಾಕುವ ಸುಣ್ಣ, ಒಲೆಬೂದಿ ಇದರ ಹತ್ತಿರ ಸುಳಿಯಬಾರದು.

ದೊಡ್ಡ ಗಿಡ ಅಗೆದು ತರಬೇಡಿ. ಬೇರು ಕಲ್ಲಿನೊಳಗೆ ಇಳಿದಿರುತ್ತದೆ, ಅಗೆಯುವಾಗ ಮುಖ್ಯಬೇರು ತುಂಡಾಗಿ ಮೇಲಿನ ಎಲೆಗೆ ನೀರು ಸಾಲುವುದಿಲ್ಲ. ಬುಡದ ಸುತ್ತ ಏಳುವ ಗೇಣುದ್ದದ ಮರಿಗಿಡ ಅಥವಾ 10–12 ಸೆಂ.ಮೀ. ಗೆಲ್ಲು. ಬೇರು ಬಿಡಲು ಎರಡು ತಿಂಗಳು ಹಿಡಿಯುತ್ತದೆ, ಎಳೆದು ನೋಡುವ ಆತುರ ಬೇಡ.

ಬದಿಯಡ್ಕ ಹೊಸಮನೆ:

ಸಂಪಿಗೆಯ ದೊಡ್ಡ ಮರ ಇದೆ, ಕಡಿಯಲೇಬೇಕಾದ ಜಾಗದಲ್ಲಿ. ಗೆಲ್ಲು ನೆಟ್ಟರೆ ಬರುತ್ತದೆಯೇ?

ಮುಳ್ಳೇರಿಯ ಸಸಿಮಡಿ:

ಗೆಲ್ಲು ನೆಟ್ಟು ಸಂಪಿಗೆ ಬರಿಸುವುದು ಮನೆಮಟ್ಟದಲ್ಲಿ ಆಗದ ಕೆಲಸ ಎಂದೇ ತಿಳಿಯಿರಿ. ಅದೇ ಮರದ ಹೂ ಬೇಕಾದರೆ ಕಸಿ ಕಟ್ಟಬೇಕು, ಅದಕ್ಕೆ ಅದೇ ಮರದ ಬೀಜದ ಗಿಡವೇ ಬೇರುಗಿಡ (ಕಸಿ ಕೂರಿಸುವ ಬುಡ). ಆದ್ದರಿಂದ ಎರಡು ವರ್ಷದ ಯೋಜನೆ ಮಾಡಿ.

ಮೊದಲ ವರ್ಷ ಬೀಜ. ಕಾಯಿ ಬಿರಿದು ಕೆಂಪು ಪೊರೆಯ ಬೀಜ ಕಾಣುವಾಗ, ಕಾಗೆ-ಪಿಕಳಾರಗಳಿಗೆ ಸಿಗುವ ಮೊದಲು ಹೆಕ್ಕಿ. ಆ ಕೆಂಪು ಪೊರೆ ಇದ್ದರೆ ಮೊಳೆಯುವುದಿಲ್ಲ. ನೀರಿನಲ್ಲಿ ಒಂದು ದಿನ ನೆನೆಸಿ, ಹೊಯಿಗೆ ಸೇರಿಸಿ ಅಂಗೈಯಲ್ಲಿ ಉಜ್ಜಿ ತೊಳೆದು, ಒಣಗಿಸಿಡದೆ ಅದೇ ವಾರ ಹಾಕಿ. ಡಬ್ಬಿಯಲ್ಲಿ ಇಟ್ಟರೆ ಬಹುಬೇಗ ಜೀವ ಹೋಗುತ್ತದೆ. ಮೊಳಕೆಗೆ ಒಂದರಿಂದ ಮೂರು ತಿಂಗಳು. ತೊಟ್ಟೆ ಖಾಲಿ ಎಂದು ಎಸೆಯುವುದು ಇಲ್ಲೇ. ಗಿಡ ಪೆನ್ಸಿಲ್ ದಪ್ಪ ಆದಾಗ, ಹಳೆ ಮರದ ಎಟಕುವ ಗೆಲ್ಲಿಗೆ ತೊಟ್ಟೆ ಕಟ್ಟಿ ಸಾಮೀಪ್ಯ ಕಸಿ ಮಾಡಿಸಿ. ಎರಡರ ತೊಗಟೆಯನ್ನೂ 5 ಸೆಂ.ಮೀ. ಉದ್ದ ಕೆತ್ತಿ ಒತ್ತಿ ಕಟ್ಟಿ, ಎರಡು ಮೂರು ತಿಂಗಳ ನಂತರ ಕೆಳಗಿನಿಂದ ಬೇರ್ಪಡಿಸುವುದು. ಕಸಿ ಗಿಡ ಎರಡು ಮೂರು ವರ್ಷದಲ್ಲಿ ಹೂ ಕೊಡುತ್ತದೆ. ಬೀಜದ ಗಿಡಕ್ಕೆ ಏಳೆಂಟು ವರ್ಷ ಕಾಯಬೇಕು. ಕೈ ಪಳಗದವರು ಕೃಷಿಭವನದಲ್ಲಿ ಕಸಿ ಕಟ್ಟುವವರ ವಿಚಾರ ಕೇಳಿ, ಪಿಲಿಕ್ಕೋಡಿನ ಪ್ರಾದೇಶಿಕ ಕೃಷಿ ಸಂಶೋಧನಾ ಕೇಂದ್ರವೂ ನಮ್ಮ ಜಿಲ್ಲೆಯಲ್ಲೇ ಇದೆ.

ಪರಿಮಳದ ಹೂ ಬಿಡುವ ಸುರಗಿ ಮರದ್ದು ಇನ್ನೊಂದು ತೊಡಕು. ಸಾಮಾನ್ಯವಾಗಿ ಗಂಡು ಮರ ಬೇರೆ, ಕಾಯಿ ಬಿಡುವ ಮರ ಬೇರೆ. ಬೀಜ ಹಾಕಿದರೆ ಯಾವುದು ಬರುತ್ತದೆಂದು ಹೂ ಬರುವವರೆಗೆ ಗೊತ್ತಾಗದು, ಹೂ ಬರಲು ಹಲವು ವರ್ಷ. ಜಾಗ ಇದ್ದರೆ ಎರಡು ಮೂರು ಗಿಡ ನೆಡಿ.

ರೆಂಜೆ ಸುಲಭ. ಹಳದಿ-ಕಿತ್ತಳೆ ಹಣ್ಣು ಬಿದ್ದ ಕೂಡಲೇ ತಿರುಳು ತೊಳೆದು ಹಾಕಿದರೆ ಮೊಳೆಯುತ್ತದೆ, ಬೆಳವಣಿಗೆ ಮಾತ್ರ ನಿಧಾನ. ಮರದಡಿಯಲ್ಲೇ ಎದ್ದ ಸಸಿಗಳಿದ್ದರೆ ನಾಲ್ಕೆಲೆ ಹಂತದಲ್ಲಿ ಮಣ್ಣಿನ ಮುದ್ದೆ ಸಮೇತ ಎತ್ತಿ.

ಬಾಯಾರು ಬಾವಿಕಟ್ಟೆ:

ಪಾರಿಜಾತ, ದಾಸವಾಳ, ನಂದಿಬಟ್ಟಲು ಮೂರಕ್ಕೂ ಗೆಲ್ಲು ಸಾಕು: ಪೆನ್ಸಿಲ್ ದಪ್ಪ, ಗೇಣುದ್ದ. ದಾಸವಾಳದಲ್ಲಿ ಊರಿನ ಕೆಂಪಿಗೆ ಮಾತ್ರ ಈ ಮಾತು. ಹೈಬ್ರಿಡ್ ಬಣ್ಣಗಳು ಸ್ವಂತ ಬೇರಿನಲ್ಲಿ ನಮ್ಮ ಮಳೆಗಾಲ ದಾಟುವುದು ಕಷ್ಟ, ಊರ ಕೆಂಪಿನ ಮೇಲೆ ಕಸಿ ಕಟ್ಟಿದ್ದಾದರೆ ನಿಲ್ಲುತ್ತವೆ. ದಾಸವಾಳಕ್ಕೆ ಬಿಳಿ ಹಿಟ್ಟುತಿಗಣೆ ಬಂದರೆ ಮೊದಲು ಇರುವೆ ದಾರಿ ಮುಚ್ಚಿ. ತಿಗಣೆಯನ್ನು ಗೆಲ್ಲಿನಿಂದ ಗೆಲ್ಲಿಗೆ ಹೊತ್ತೊಯ್ಯುವುದೂ, ಅದರ ಶತ್ರುಗಳನ್ನು ಓಡಿಸುವುದೂ ಇರುವೆಯೇ.

ಪೈವಳಿಕೆ ತೋಡಿನ ಬದಿ:

ಸುಗಂಧಿ. ಗಡ್ಡೆಯನ್ನು 10–15 ಸೆಂ.ಮೀ. ತುಂಡು ಮಾಡಿ, ಪ್ರತಿ ತುಂಡಿನಲ್ಲಿ ಒಂದೆರಡು ಕಣ್ಣು ಇರಲಿ. ಕತ್ತರಿಸಿದ ಮುಖಕ್ಕೆ ಬೂದಿ ಹಚ್ಚಿ ಒಂದು ದಿನ ನೆರಳಿನಲ್ಲಿಟ್ಟು 5 ಸೆಂ.ಮೀ. ಆಳಕ್ಕೆ ಅಡ್ಡಲಾಗಿ ನೆಡಿ. ಆಳ ಹೆಚ್ಚಾದರೆ ಕೊಳೆಯುತ್ತದೆ. ಹೂ ಬಿಟ್ಟ ದಂಟು ಮತ್ತೆ ಹೂ ಬಿಡುವುದಿಲ್ಲ, ಬುಡದಿಂದ ಕತ್ತರಿಸಿ. ಬಚ್ಚಲ ನೀರು ಹರಿಯುವ ಕಣಿಯೇ (ಸಣ್ಣ ಕಾಲುವೆಯೇ) ಇದರ ಜಾಗ.

ವರ್ಕಾಡಿ ಗುಡ್ಡೆ:

ಬಚ್ಚಲ ನೀರು ಎಂಬಲ್ಲಿ ನನ್ನ ವಿರೋಧ ಇದೆ. ಸೀಗೆ, ಬಾಗೆಸೊಪ್ಪು, ಕಡ್ಲೆಹಿಟ್ಟಿನ ಕಾಲದ ಬಚ್ಚಲು ಬೇರೆ, ಈಗಿನ ಶಾಂಪೂ, ಬ್ಲೀಚು, ನೆಲ ತೊಳೆಯುವ ದ್ರಾವಣದ ಬಚ್ಚಲು ಬೇರೆ. ಎಲೆಯ ಅಂಚು ಸುಡುವುದು ಅದರಿಂದಲೇ.

ಪೈವಳಿಕೆ ತೋಡಿನ ಬದಿ:

ಒಪ್ಪುತ್ತೇನೆ, ಬ್ಲೀಚು ಇರುವ ನೀರು ಬೇಡ. ಸ್ನಾನದ ನೀರನ್ನು ಮಾತ್ರ ಬೇರೆ ಕೊಳವೆಯಲ್ಲಿ ತಂದು, ಜಲ್ಲಿ-ಹೊಯಿಗೆ ತುಂಬಿದ ಒಂದು ಮೀಟರ್ ಕಣಿಯ ಮೂಲಕ ಬಿಡಿ. ವರ್ಷಕ್ಕೊಮ್ಮೆ ಮಳೆನೀರು ಆ ಮಣ್ಣನ್ನು ತೊಳೆಯುವುದರಿಂದ ಉಪ್ಪು ನಿಲ್ಲುವುದಿಲ್ಲ.

ಕಾಞಂಗಾಡ್ ಅಂಗಳ:

ತೆಂಕು ಕಡೆಯ ಎರಡು ಹಬ್ಬದ ಹೂಗಳನ್ನು ಸೇರಿಸುತ್ತೇನೆ. ಮೀನ ಮಾಸದ ಪೂರಂ ಹಬ್ಬದಲ್ಲಿ ಹೆಣ್ಣುಮಕ್ಕಳು ಕಾಮದೇವನಿಗೆ ಇಡುವ ಹೂಗಳಲ್ಲಿ ಸಂಪಿಗೆಯೂ ರೆಂಜೆಯೂ ಮುಖ್ಯ. ಮಾರ್ಚ್-ಏಪ್ರಿಲಿನಲ್ಲಿ ಈ ಎರಡು ಮರ ಜಾಲಿನಲ್ಲಿ ಇರಬೇಕೆಂದು ಹಿರಿಯರು ಹೇಳುವುದು ಅದಕ್ಕೆ.

ಓಣಂ ಪೂಕ್ಕಳಕ್ಕೆ (ಹೂವಿನ ರಂಗೋಲಿಗೆ) ತುಂಬೆ ಬೇಕು. ಅಂಗಳಕ್ಕೆ ಇಂಟರ್‌ಲಾಕ್ ಹಾಸಿದ ಮೇಲೆ ತುಂಬೆ ಕಾಣೆಯಾಗಿದೆ, ಕಳೆನಾಶಕ ಬಿಟ್ಟಲ್ಲಿಯೂ. ಉಳಿಸುವ ಕ್ರಮ ಸರಳ: ಒಣಗಿದ ತಲೆಗಳನ್ನು ಮಾರ್ಚ್‌ನಲ್ಲಿ ಕೊಯ್ದು ಕಾಗದದ ಚೀಲದಲ್ಲಿಡಿ, ಮೇ ಕೊನೆಗೆ ಬಿಸಿಲು ಬೀಳುವ ಸಡಿಲ ಮಣ್ಣಿನ ಮೇಲೆ ಉದುರಿಸಿ, ಮಣ್ಣು ಮುಚ್ಚಬೇಡಿ. ಬೀಜ ತೀರ ಸಣ್ಣದು, ಮುಚ್ಚಿದರೆ ಮೇಲೆ ಬರುವುದಿಲ್ಲ. ಜೂನ್-ಜುಲೈಯ ಕಳೆ ಕೀಳುವಾಗ ಎರಡು ಚದರ ಮೀಟರ್ ಜಾಗಕ್ಕೆ ಕೋಲು ಊರಿ ಹಗ್ಗ ಕಟ್ಟಿ, ಕೆಲಸದವರಿಗೆ ಹೇಳಿಡಿ. ಗೊಬ್ಬರ ಹಾಕಿದರೆ ಎಲೆ ಮಾತ್ರ ಸೊಂಪು.

ನೀರ್ಚಾಲಿನ ಜಾಲು:

ಹೂವನ್ನೇ ಇಟ್ಟುಕೊಳ್ಳುವ ಬಗ್ಗೆಯೂ ಯಾರಾದರೂ ಬರೆಯಿರಿ. ಹಳೆ ಪೆಟ್ಟಿಗೆಗಳಲ್ಲಿ ಸೀರೆಯ ಮಡಿಕೆಯೊಳಗೆ ರೆಂಜೆ ಮಾಲೆ ಸಿಗುವುದುಂಟು.

ಪೆರ್ಲದ ಮಲ್ಲಿಗೆ ಬೇಲಿ:

ಒಣಗಿದ ಮೇಲೂ ಪರಿಮಳ ಉಳಿಯುವುದು ರೆಂಜೆ ಮತ್ತು ಸುರಗಿಯಲ್ಲಿ. ಮಲ್ಲಿಗೆ ಒಣಗಿದರೆ ಕಂದು ಬಣ್ಣ, ಪರಿಮಳ ಶೂನ್ಯ. ಬೆಳಗಿನ ಜಾವ ಬಿದ್ದ ರೆಂಜೆಯನ್ನು ಬಿಸಿಲೇರುವ ಮೊದಲು ಹೆಕ್ಕಿ. ನಡುವೆ ತೂತು ಇರುವುದರಿಂದ ಸೂಜಿ ಬೇಡ, ಬಾಳೆನಾರು ನೇರ ಪೋಣಿಸುತ್ತದೆ. ನಾರಿಗೆ ಒಣ ಬಾಳೆಪಟ್ಟೆಯನ್ನು ಅರ್ಧ ಗಂಟೆ ನೆನೆಸಿ ಉಗುರಿನಿಂದ ಸೀಳಿ. ಮಾಲೆಯನ್ನು ಗಾಳಿಯಾಡುವ ನೆರಳಿನಲ್ಲಿ ನಾಲ್ಕೈದು ದಿನ ತೂಗಹಾಕಿ. ಬಿಸಿಲಿಗೆ ಇಟ್ಟರೆ ಪರಿಮಳ ಹಾರಿಹೋಗುತ್ತದೆ, ಪೂರ್ತಿ ಒಣಗುವ ಮೊದಲು ಡಬ್ಬಿಗೆ ಹಾಕಿದರೆ ಬೂಷ್ಟು ಹಿಡಿಯುತ್ತದೆ. ಸುರಗಿಯನ್ನು ಅರಳುವ ಮೊದಲಿನ ಮೊಗ್ಗಿನಲ್ಲೇ ಕೊಯ್ದು ಹಾಗೆಯೇ ಮಾಡಬೇಕು.

ಬಣ್ಣ ಉಳಿಯಬೇಕಾದ ಹೂವಿಗೆ, ಉದಾಹರಣೆಗೆ ಅಬ್ಬಲಿಗೆ, ಶಂಖಪುಷ್ಪ, ಸಿಲಿಕಾ ಜೆಲ್ ಹುಡಿ. ಗಾಳಿಯಾಡದ ಡಬ್ಬಿಯಲ್ಲಿ ಎರಡು ಸೆಂ.ಮೀ. ಹುಡಿ ಹರಡಿ, ಹೂ ಇಟ್ಟು, ಚಮಚದಿಂದ ಎಸಳುಗಳ ನಡುವೆಯೂ ತುಂಬುವಂತೆ ಮೇಲೆ ಹುಡಿ ಹಾಕಿ ಮುಚ್ಚಿಡಿ. ಮೂರರಿಂದ ಏಳು ದಿನ. ನೀಲಿ ಹುಡಿ ಗುಲಾಬಿ ಬಣ್ಣವಾದರೆ ತೇವ ಎಳೆದಾಯಿತೆಂದು ತಿಳಿಯಿರಿ. ಬಾಣಲೆಯಲ್ಲಿ ಸಣ್ಣ ಉರಿಗೆ ಒಣಗಿಸಿದರೆ ಮತ್ತೆ ನೀಲಿ. ಆ ಬಾಣಲೆ ಅಡುಗೆಗೆ ಬಳಸಬಾರದು, ಹುಡಿಯ ಧೂಳು ಉಸಿರಿಗೆ ಹೋಗಬಾರದು.

ಬದಿಯಡ್ಕ ಹೊಸಮನೆ:

ಕೊನೆಯ ಪ್ರಶ್ನೆ. ಮನೆ ಬಿಚ್ಚುವುದು ಫೆಬ್ರವರಿಗೆ ನಿಶ್ಚಯ. ಆರ್ದ್ರಾ ಮಳೆಗೆ ಕಾಯುವಂತಿಲ್ಲ. ಏನು ಮಾಡಬಹುದು?

ಮುಳ್ಳೇರಿಯ ಸಸಿಮಡಿ:

ಸಂಪಿಗೆಯನ್ನು ಬಿಟ್ಟು ಹೆಚ್ಚಿನವನ್ನು ಉಳಿಸಬಹುದು. ಈಗಿಂದಲೇ ಶುರುಮಾಡಿ.

ಮಲ್ಲಿಗೆ, ದಾಸವಾಳ, ನಂದಿಬಟ್ಟಲು, ಪಾರಿಜಾತದ ಪೊದೆಗಳ ಸುತ್ತ ಬುಡದಿಂದ ಒಂದು ಅಡಿ ದೂರದಲ್ಲಿ, ಅರ್ಧ ವೃತ್ತಕ್ಕೆ ಮಾತ್ರ, ಹಾರೆಯಿಂದ 40 ಸೆಂ.ಮೀ. ಆಳ ಕಡಿದು ಬೇರು ತುಂಡು ಮಾಡಿ. ಆ ಕಣಿಗೆ ಹೊಯಿಗೆ ಮತ್ತು ತೆಂಗಿನ ಗರಿಯ ಎರೆಗೊಬ್ಬರ ತುಂಬಿ, ದಿನಬಿಟ್ಟು ದಿನ ನೀರು ಕೊಡಿ. ಆ ಎರೆಗೊಬ್ಬರದ ಕ್ರಮವನ್ನು ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯೇ ರೂಪಿಸಿದ್ದು. ಆರು ವಾರದ ನಂತರ ಉಳಿದ ಅರ್ಧ ಕಡಿಯಿರಿ. ಆ ಹೊತ್ತಿಗೆ ಮೊದಲ ಬದಿಯಲ್ಲಿ ಎಳೆಬೇರು ಬಂದಿರುತ್ತದೆ. ಎಬ್ಬಿಸುವ ಹಿಂದಿನ ದಿನ ಧಾರಾಳ ನೀರು ಹೊಯ್ದು, ಗೆಲ್ಲುಗಳನ್ನು ಮೂರನೇ ಎರಡು ಭಾಗ ಸವರಿ. ಸಾಯಂಕಾಲ ಎಬ್ಬಿಸಿ, ಒದ್ದೆ ಗೋಣಿಯಲ್ಲಿ ಮಣ್ಣಿನ ಮುದ್ದೆ ಬಿಗಿದು ಕಟ್ಟಿ, ದೊಡ್ಡ ಗ್ರೋಬ್ಯಾಗಿಗೆ ಇಳಿಸಿ. ತೆಂಗಿನ ಮಡಲಿನ ಚಪ್ಪರದಡಿ ಮಳೆ ಬರುವ ತನಕ ಇಟ್ಟು, ಜೂನಿನಲ್ಲಿ ನೆಲಕ್ಕೆ ನೆಡಿ.

ಎಬ್ಬಿಸಲು ಆಗದ ದೊಡ್ಡ ಗಿಡಕ್ಕೆ ಗೂಟಿ. ಪೆನ್ಸಿಲ್ ದಪ್ಪದ ಗೆಲ್ಲಿನಲ್ಲಿ 2.5–3 ಸೆಂ.ಮೀ. ಅಗಲ ತೊಗಟೆಯ ಬಳೆ ಸುಲಿದು, ಕೆಳಗಿನ ಜಾರುವ ಹಸಿರು ಪೊರೆಯನ್ನು ಕತ್ತಿಯ ಹಿಂಬದಿಯಿಂದ ಕೆರೆದು ತೆಗೆಯಿರಿ. ಅದು ಉಳಿದರೆ ತೊಗಟೆ ಮತ್ತೆ ಕೂಡಿಕೊಳ್ಳುತ್ತದೆ, ಬೇರು ಬರುವುದಿಲ್ಲ. ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಒದ್ದೆಯ ನಾರಿನ ಹುಡಿ ಒಂದು ಮುಷ್ಟಿ ಇಟ್ಟು ಪ್ಲಾಸ್ಟಿಕ್ ಸುತ್ತಿ ಎರಡೂ ಕಡೆ ಬಿಗಿಯಿರಿ. ಒಣಗಾಲದಲ್ಲಿ ಇದು ಒಣಗುವುದೇ ಸಮಸ್ಯೆ, ವಾರಕ್ಕೊಮ್ಮೆ ಸಿರಿಂಜಿನಿಂದ 5 ಮಿ.ಲೀ. ನೀರು ಕೊಟ್ಟು ತೂತಿಗೆ ಟೇಪು ಹಚ್ಚಿ. ಮಳೆಗಾಲದಲ್ಲಿ 45ರಿಂದ 60 ದಿನ ಸಾಕು, ಒಣಗಾಲದಲ್ಲಿ ಇನ್ನಷ್ಟು. ಆದ್ದರಿಂದ ಗೂಟಿ ಕಟ್ಟುವ ಕೆಲಸವನ್ನು ನವೆಂಬರ್ ಮುಗಿಯುವ ಮೊದಲೇ ಮಾಡಿ. ಪ್ರತಿ ಗಿಡಕ್ಕೆ ಒಂದಲ್ಲ, ಮೂರು ಕಟ್ಟಿ, ಒಂದನ್ನು ತಂಗಿಯ ಮನೆಗೋ ಅಣ್ಣನ ಮನೆಗೋ ಕೊಡಿ. ಒಂದು ಜಾಲಿನಲ್ಲಿ ಹೋದರೆ ಇನ್ನೊಂದು ಜಾಲಿನಿಂದ ಮತ್ತೆ ಗೆಲ್ಲು ತರಬಹುದು.